ನಾನೂರ ಹದಿನೇಳನೇ ಟೋಕನ್

ಸೀನಪ್ಪನಿಗೆ ನಲವತ್ತೆಂಟನೇ ವಯಸ್ಸಿನಲ್ಲಿ, ಬದುಕಿನಲ್ಲೇ ಮೊದಲ ಸಲ, ಒಂದು ಅಧಿಕಾರ ಸಿಕ್ಕಿತ್ತು. ಅದನ್ನೂ ಒಂದು ದೆವ್ವ ಬಂದು ಕೆಡಿಸಬೇಕೇ? ಇದು ಯಾವ ನ್ಯಾಯ, ನೀವೇ ಹೇಳಿ.

ಅಧಿಕಾರದ ವಿಷಯ ಮೊದಲು. ಸೀನಪ್ಪನ ಬಾಮೈದ ಬಾಲಾಜಿ ಮೂರು ವರ್ಷ ರಾಮೇಶ್ವರದ ಕಡೆ ಕಡಲಿನಲ್ಲಿ ಪ್ರವಾಸಿಗರಿಗೆ ಒಂದು ಆಟ ಕಲಿಸುವ ಕೆಲಸದಲ್ಲಿದ್ದು, ಹೋದ ವರ್ಷ ಕ್ಯಾಸಂಬಳ್ಳಿಗೆ ವಾಪಸು ಬಂದ. ಬರುವಾಗ ಆ ಆಟದ ಸಾಮಾನು ಮೂರು ಜೊತೆ ತಂದ. ಒಂದು ಹಲಗೆ. ಹಲಗೆಯ ಅಡಿಗೆ ಸೊಂಟದುದ್ದದ ಕಂಬ. ಕಂಬದ ತುದಿಗೆ, ನೀರೊಳಗೆ, ಚಪ್ಪಟೆ ರೆಕ್ಕೆ. ಅದಕ್ಕೆ ಫಾಯ್ಲ್ ಎನ್ನುತ್ತಾರೆ. ಕೈಯಲ್ಲಿ ಹಿಡಿಯುವುದಕ್ಕೆ ಗಾಳಿ ತುಂಬಿದ ಇನ್ನೊಂದು ದೊಡ್ಡ ರೆಕ್ಕೆ. ಗಾಳಿ ಎಳೆದು ವೇಗ ಬಂತೆಂದರೆ ಹಲಗೆ ನೀರನ್ನು ಬಿಟ್ಟು ಮೇಲಕ್ಕೇಳುತ್ತದೆ. ಆಮೇಲೆ ಅಲೆಯ ಸದ್ದೂ ಇಲ್ಲ, ನೊರೆಯೂ ಇಲ್ಲ. ಮನುಷ್ಯ ನೀರಿನ ಮೇಲೆ ನೀರಿಗೆ ತಾಗದೆ, ನಿಂತ ಹಾಗೇ ಹೋಗುತ್ತಿರುತ್ತಾನೆ. ಫಾಯ್ಲ್ ಮಾತ್ರ ಒಳಗಿಂದ ‘ಊಂ...’ ಎಂದು ಗುನುಗುತ್ತದೆ. ಮೊದಲ ಸಲ ಇದನ್ನು ನೋಡಿದ ಚಿಕ್ಕವೆಂಕಟಪ್ಪ (ಹಾಲಿನ ಡೈರಿಯ ಕಾರ್ಯದರ್ಶಿ, ಸುಲಭಕ್ಕೆ ಹೆದರುವ ಆಸಾಮಿಯಲ್ಲ) ಹಾಲಿನ ಕ್ಯಾನನ್ನು ಕೆರೆ ಏರಿಯ ಮೇಲೇ ಬಿಟ್ಟು ಮನೆ ಸೇರಿದ್ದ.

ಕೆರೆಯ ಹೆಸರು ಬೂದಿಕೆರೆ. ಊರಿಗಾಂ ಕಡೆ ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಗಣಿಯಿಂದ ತೆಗೆದು ಸುರಿದ ಮಣ್ಣಿನ ದಿಬ್ಬಗಳು ಹಾಗೇ ಇವೆ. ಆಷಾಢದ ಗಾಳಿ ಬೆಳಗಿನ ಜಾವಕ್ಕೇ ಎದ್ದು ಆ ಬಿಳಿ ಧೂಳನ್ನು ತಂದು ಕೆರೆಯ ಮೇಲೆ ತೆಳ್ಳಗೆ ಹರಡುತ್ತದೆ. ಹೊತ್ತು ಹುಟ್ಟುವ ತನಕ ಆಚೆ ದಡ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಪ್ರತಿ ಭಾನುವಾರ ನಾಲ್ಕು ಜನ ಅಲ್ಲಿ ಸೇರುತ್ತಿದ್ದರು: ಬಾಲಾಜಿ, ಸೀನಪ್ಪ, ಬಂಗಾರಪೇಟೆ ಕಾಲೇಜಿಗೆ ಹೋಗುವ ಅವನ ಮಗಳು ಅಂಬಿಕ, ಊರಿಗಾಂನಲ್ಲಿ ಕರೆಂಟ್ ಕೆಲಸ ಮಾಡುವ ಬಾಲಾಜಿಯ ಗೆಳೆಯ ಗೋಪಿ. ಹಲಗೆ ಎರಡೇ, ಸರದಿಯ ಮೇಲೆ. ಮೂರನೆಯದು ಕೆಟ್ಟಿದೆ ಎಂದು ಬಾಲಾಜಿ ಅದನ್ನು ಆಚೆ ದಡದಲ್ಲಿರುವ ತನ್ನ ತಾಯಿಯ ಮನೆಯಲ್ಲಿಟ್ಟಿದ್ದ.

ಒಂದೇ ತಿಂಗಳಲ್ಲಿ ಅಂಬಿಕ ಹಾರಿದಳು, ಗೋಪಿ ಹಾರಿದ. ಸೀನಪ್ಪ ಮಾತ್ರ ಮಂಡಿಯೂರಿದ ಭಂಗಿಯಲ್ಲೇ ಹತ್ತು ಭಾನುವಾರ ಕಳೆದ. ಏಳಲು ಹೋದರೆ ಬೀಳುತ್ತಿದ್ದ. ಏಳದಿದ್ದರೆ ಗಾಳಿ ಅವನನ್ನು ಸೀದಾ ಕೆರೆಯಂಚಿನ ಜೊಂಡಿನೊಳಕ್ಕೆ ತಳ್ಳುತ್ತಿತ್ತು. ಅಲ್ಲಿಂದ ಹಲಗೆ ಹೊತ್ತು ಏರಿಗೆ ನಡೆದು ಬರಲು ಅರ್ಧ ಗಂಟೆ. ಪಾಪ, ಬಾವನಿಗೆ ಬೇಜಾರಾಗಬಾರದೆಂದು ಬಾಲಾಜಿ ಅವನಿಗೆ ಒಂದು ಹುದ್ದೆ ಸೃಷ್ಟಿಸಿದ. ಸೀನಪ್ಪ ಟೋಕನ್ ಅಧಿಕಾರಿಯಾದ.

ಟೋಕನ್ ಐಡಿಯಾ ಗೋಪಿಯದು. ಅವನ ತಾತ ನಂದಿದುರ್ಗ ಗಣಿಯಲ್ಲಿದ್ದವರು. ಭೂಮಿಯೊಳಕ್ಕೆ ಇಳಿಯುವವನು ಗಣಿಬಾಯಿಯ ಪಟ್ಟಿಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಮೇಲೆ ಬಂದ ಮೇಲೆ ಮತ್ತೆ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಒಳಗಿದ್ದಾನೆ ಎಂದು ಲೆಕ್ಕ. ನೀರಿಗೂ ಅದೇ ನಿಯಮ ಎಂದು ಗೋಪಿ ತಾತನ ಡಬ್ಬಿಯಿಂದ ಐದು ಬಿಲ್ಲೆ ತಂದ. ಏರಿಯ ಹೊಂಗೆಮರಕ್ಕೆ ಒಂದು ಪಟ್ಟಿ, ಐದು ಮೊಳೆ. ಟೋಕನ್ ಇಲ್ಲದೆ ನೀರಿಗೆ ಕಾಲಿಡುವಂತಿಲ್ಲ ಎಂದು ಎಲ್ಲರೂ ಹೊಂಗೆಮರ ಮುಟ್ಟಿ ಆಣೆ ಮಾಡಿದರು. ನಾಲ್ಕು ಟೋಕನ್ನು ನಾಲ್ವರಿಗೆ. ಐದನೆಯದು, ನಾನೂರ ಹದಿನೇಳು, ಸುಮ್ಮನೆ ನೇತಾಡುತ್ತಿತ್ತು.

ಅದು ಸುಮ್ಮನೆ ನೇತಾಡಲಿ ಎಂದು ಸೀನಪ್ಪನ ಹೆಂಡತಿ ಮುನಿಲಕ್ಷ್ಮಿಗೆ ಇಷ್ಟವಿರಲಿಲ್ಲ.

“ನಾನೂ ಬತ್ತೀನಿ,” ಎಂದಳು ಒಂದು ಶನಿವಾರ.

“ಅಸು ಹಾಲು ಯಾರು ಕರೀತಾರೆ?” ಎಂದ ಸೀನಪ್ಪ.

“ನೀನು ಕರಿ. ಒಂದು ವಾರ ನೀನು ಓಗು, ಒಂದು ವಾರ ನಾನು.”

“ಆ ಸೀಮೆಅಸು ನನ್ನ ಕೈಗೆ ಬಗ್ಗಲ್ಲ ಕಣೆ. ಒದೀತದೆ.”

“ನಂಗೂ ಒದ್ದೈತೆ. ಇಪ್ಪತ್ತೆರಡು ವರ್ಸದಾಗೆ ಒಂದು ಬಾನುವಾರ ನಾನು ಮಲಗಿದ್ದು ನೋಡಿದ್ಯಾ ನೀನು?”

ಉತ್ತರವಿಲ್ಲದ ಕಡೆ ಗಂಡಸರು ಏನು ಮಾಡುತ್ತಾರೋ ಅದನ್ನೇ ಸೀನಪ್ಪನೂ ಮಾಡಿದ. “ನೀರು ಎಂಗಸರಿಗಲ್ಲ,” ಎಂದ. ಮಗಳು ಅದೇ ನೀರಿನ ಮೇಲೆ ಹಾರುವುದು ಆಗ ಅವನ ನೆನಪಿಗೆ ಬರಲಿಲ್ಲ. ಮುನಿಲಕ್ಷ್ಮಿ ಮತ್ತೆ ಕೇಳಲಿಲ್ಲ. ಅದು ಅವನಿಗೆ ಸಮಾಧಾನ ತಂದಿತು. (ಹೆಂಡತಿ ಮತ್ತೆ ಕೇಳದಿದ್ದಾಗ ಹೆದರಬೇಕು ಎಂಬುದು ಇಪ್ಪತ್ತೆರಡು ವರ್ಷಕ್ಕೂ ಅವನಿಗೆ ತಿಳಿದಿರಲಿಲ್ಲ.)

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ನಮ್ಮ ಟೋಕನ್ ಅಧಿಕಾರಿಗಳು ಏರಿಗೆ ಬಂದು ಪಟ್ಟಿ ತಪಾಸಣೆ ಮಾಡಿದರು. ನಾನೂರ ಹದಿನೇಳರ ಮೊಳೆ ಖಾಲಿ.

“ಯಾರ್ಲಾ ತಗೊಂಡಿದ್ದು?”

ಯಾರೂ ತೆಗೆದುಕೊಂಡಿರಲಿಲ್ಲ. ಗಾಳಿಗೆ ಬಿದ್ದಿರಬೇಕು ಎಂದ ಬಾಲಾಜಿ. ಹುಡುಕಿದರು, ಸಿಗಲಿಲ್ಲ. ಸೀನಪ್ಪ ತನ್ನ ಸರದಿಯಲ್ಲಿ ಮಂಡಿಯೂರಿ ಹೊರಟ, ಪದ್ಧತಿಯ ಪ್ರಕಾರ ಜೊಂಡು ಸೇರಿದ. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ ‘ಊಂ...’ ಎಂದು ಕೇಳಿಸಿತು. ತಲೆಯೆತ್ತಿದ. ಹತ್ತು ಮಾರು ದೂರದಲ್ಲಿ, ಧೂಳಿನೊಳಗೆ, ಬಿಳಿ ಬಟ್ಟೆಯ ಆಕೃತಿಯೊಂದು ನೀರಿಗಿಂತ ಮೇಲೆ ನಿಂತು ಹೋಗುತ್ತಿತ್ತು. ಬಾಲಾಜಿ ಇರಬೇಕೆಂದುಕೊಂಡ. ಆದರೆ ಬಾಲಾಜಿಯ ರೆಕ್ಕೆ ದೂರದ ಏರಿಯ ಹತ್ತಿರ ಕೆಂಪಗೆ ಕಾಣುತ್ತಿತ್ತು. ಇನ್ನೊಂದು ಹಲಗೆ ಸೀನಪ್ಪನ ಕೈಯಲ್ಲೇ ಇತ್ತು. ಜೊಂಡಿನಲ್ಲಿ ಕೂತ ನೀರುಕೋಳಿಗಳು ಒಂದೂ ಹಾರಲಿಲ್ಲ. ದಿನಾ ನೋಡುವವರನ್ನು ನೋಡಿದ ಹಾಗೆ ಸುಮ್ಮನೆ ಕೂತಿದ್ದವು. ಸೀನಪ್ಪನ ಕುತ್ತಿಗೆಯ ಹಿಂದಿನ ಕೂದಲು ನಿಮಿರಿತು.

ಆವತ್ತು ಅರ್ಧ ಗಂಟೆಯ ದಾರಿಯನ್ನು ಅವನು ಹತ್ತು ನಿಮಿಷಕ್ಕೆ ಬಂದ. ಏರಿಯ ಮೇಲೆ ಪಟ್ಟಿ ನೋಡಿದರೆ ನಾನೂರ ಹದಿನೇಳು ತನ್ನ ಮೊಳೆಯಲ್ಲಿತ್ತು. ಮುಟ್ಟಿದ. ಒದ್ದೆ. ಹನಿ ತೊಟ್ಟಿಕ್ಕುತ್ತಿತ್ತು.

ಗೋಪಿಯ ಮುಖ ಬಿಳಿಚಿತು. “ಅಣ್ಣೇ, ಒಂದು ಮಾತು ಏಳ್ಬೇಕು,” ಎಂದು ಅವನನ್ನು ಪಕ್ಕಕ್ಕೆ ಕರೆದ. “ಈ ಟೋಕನ್ನು ನಮ್ಮ ತಾತಂದಲ್ಲ. ತಾತನ ಜೊತೆ ಇಳಿದವನದು. ಆವತ್ತು ಅವಸರಕ್ಕೆ ಬಿಲ್ಲೆ ತಗೊಳ್ದೇ ಇಳಿದ್ಬಿಟ್ಟ. ಮೊಳೇಲಿ ಬಿಲ್ಲೆ ಇದ್ದದ್ದು ನೋಡಿ, ಎಲ್ರೂ ಬಂದವ್ರೆ ಅಂತ ಲೆಕ್ಕ ಮುಚ್ಚಿದ್ರು. ಅವ್ನು ಮೇಲಕ್ಕೆ ಬರ್ಲೇ ಇಲ್ಲ.”

“ಅಂಥದ್ದನ್ನ ಯಾಕ್ಲಾ ತಂದೆ?”

“ಐದು ಮೊಳೆ ಒಡೆದಿದ್ವಲ್ಲ ಅಣ್ಣೇ, ನಾಲ್ಕು ತಂದ್ರೆ ಒಂದು ಖಾಲಿ ಕಾಣ್ತದೆ ಅಂತ.”

ಮನೆಗೆ ಬಂದರೆ ಮುನಿಲಕ್ಷ್ಮಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ಭಾನುವಾರವಲ್ಲವೇ, ತಲೆಗೆ ಎರೆದುಕೊಂಡಿದ್ದಾಳೆ ಎಂದುಕೊಂಡ. ಕೆರೆಯಲ್ಲಿ ಕಂಡದ್ದನ್ನೂ ಗೋಪಿ ಹೇಳಿದ ಕಥೆಯನ್ನೂ ಹೇಳಿದಾಗ ಅವಳು ರೊಟ್ಟಿ ತಿರುವಿ, “ನೀನು ಓಗ್ಬೇಡ ಬಿಡು,” ಎಂದಳು. ಅಷ್ಟೇ.

ಮುಂದಿನ ಭಾನುವಾರವೂ ಹಾಗೇ. ಮೊಳೆ ಖಾಲಿ, ಧೂಳಿನಾಚೆ ಮೂರನೇ ರೆಕ್ಕೆ, ಕೊನೆಗೆ ಒದ್ದೆ ಟೋಕನ್. ಸೀನಪ್ಪನಿಗೆ ಊಟ ಸೇರದಂತಾಯಿತು. ಬಚ್ಚಲಲ್ಲಿ ನಲ್ಲಿ ಸೋರಿದರೂ ಬೆಚ್ಚುತ್ತಿದ್ದ. ಕೆರೆ ಬಿಡೋಣವೆಂದರೆ ಅವನಿಗಿದ್ದ ಸುಖ ಅದೊಂದೇ, ಹುದ್ದೆಯೂ ಅದೊಂದೇ. ಕೊನೆಗೆ ಆಚೆ ದಡದ ಅತ್ತೆ, ಬಾಲಾಜಿಯ ತಾಯಿ, ಓಬಳಮ್ಮನ ಮನೆಗೆ ಹೋದ. ಓಬಳಮ್ಮ ಕಣ್ಣು ಮುಚ್ಚಿ ಎಲ್ಲ ಕೇಳಿದಳು.

“ಗಂಗಮ್ಮ ಎದ್ದವ್ಳೆ ಕಣಪ್ಪ,” ಎಂದಳು. “ಮಡಿಲಕ್ಕಿ ತುಂಬ್ಸು. ಅಸ್ರು ಬಳೆ, ರವಿಕೆ ಕಣ, ಅಕ್ಕಿ, ಬೆಲ್ಲ. ಒಂದು ಅರಕೆ ಕಟ್ಕೋ.”

“ತೆಂಗಿನಕಾಯಿ ಒಡೀತೀನತ್ತೆ. ನೂರೊಂದು.”

“ಕಾಯಿ ಇಟ್ಕೊಂಡು ಅವ್ಳೇನು ಚಟ್ನಿ ಅರೀತಾಳಾ? ನಿಂಗೆ ಯಾವ್ದು ಮಾಡಕ್ಕೆ ಮೈ ಬಗ್ಗಲ್ವೋ ಅದನ್ನ ಮಾಡ್ತೀನಿ ಅಂತ ಕಟ್ಕೋ. ನಾಲ್ಕು ಜನರ ಮುಂದೆ ಏಳು, ಆಮೇಲೆ ತಪ್ಪಿಸ್ಕೋಬಾರ್ದು.”

ಮೂರನೇ ಭಾನುವಾರ ಅಧಿಕಾರಿಗಳು ತಟ್ಟೆ ಹಿಡಿದು, ಹಣೆಗೆ ಕುಂಕುಮವಿಟ್ಟು, ಏರಿಯ ಕೆಳಗಿನ ಸೋಪಾನದಲ್ಲಿ ನಿಂತರು. ಸಾಕ್ಷಿಗೆ ಚಿಕ್ಕವೆಂಕಟಪ್ಪ ಬಂದಿದ್ದ, ಡೈರಿಗೆ ಹಾಲು ಹಾಕಲು ಹೊರಟಿದ್ದ ಏಳೆಂಟು ಜನವೂ ನಿಂತರು. ನೀರಿನಲ್ಲಿ ಯಾರೂ ಇಲ್ಲ. ಬಾಲಾಜಿ, ಅಂಬಿಕ, ಗೋಪಿ ಎಲ್ಲ ದಡದಲ್ಲೇ. ಮೊಳೆ ಮಾತ್ರ ಖಾಲಿ. ಗಾಳಿ ಹೊಂಗೆಮರವನ್ನು ಬಗ್ಗಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆರೆಯ ನಡುವಿನಿಂದ ‘ಊಂ...’ ಶುರುವಾಯಿತು. ಧೂಳು ಸೀಳಿಕೊಂಡು ಬಿಳಿಯ ಆಕೃತಿ ಸೀದಾ ಅವರ ಕಡೆಗೇ ಬಂತು. ಮುಖಕ್ಕೆ ರೆಕ್ಕೆ ಅಡ್ಡ. ಕಾಲಿನ ಕೆಳಗೆ ನೀರಿಗೂ ಹಲಗೆಗೂ ನಡುವೆ ಬರೀ ಬೆಳಕು. ಹಾಲಿನವರಲ್ಲಿ ಇಬ್ಬರು ಕ್ಯಾನು ಬಿಟ್ಟು ಓಡಿದರು.

ಸೀನಪ್ಪನ ತಟ್ಟೆಯೊಳಗೆ ಬಳೆಗಳು ಗಲಗಲ ಅಂದವು. “ತಾಯಿ,” ಎಂದ, “ಇನ್ನೊಂದು ವರ್ಸ ನಾನು ಬಾನುವಾರ ನೀರಿಗಿಳಿಯಲ್ಲ. ಆ ಒದೆಯೋ ಸೀಮೆಅಸು ಹಾಲು ಬಾನುವಾರ ಬಾನುವಾರ ನಾನೇ ಕರೀತೀನಿ. ಸೆಗಣಿ ನಾನೇ ಬಾಚ್ತೀನಿ. ನನ್ನ ಬಿಟ್ಬಿಡು.”

ಆಕೃತಿ ನಿಧಾನಕ್ಕೆ ಇಳಿಯಿತು. ಹಲಗೆ ನೀರಿಗೆ ಕೂತಿತು. ಎದೆಮಟ್ಟದ ನೀರಿಗೆ ಇಳಿದು ನಡೆದುಬಂದು, ಬಾಲಾಜಿಯ ಬಿಳಿ ಉದ್ದ ತೋಳಿನ ಅಂಗಿಯ ಮುಂಭಾಗವನ್ನು ಎರಡು ಕೈಯಲ್ಲಿ ಒಡ್ಡಿ ನಿಂತಳು ಮುನಿಲಕ್ಷ್ಮಿ.

“ಆಕು ಮಡಿಲಕ್ಕಿ,” ಎಂದಳು. “ಅರಕೆ ಒಪ್ಕೊಂಡಿದ್ದೀನಿ.”

ಮುಂದೆ ಆದದ್ದನ್ನು ವಿವರಿಸುವುದು ಸೀನಪ್ಪನ ಮೇಲೆ ಕ್ರೌರ್ಯವಾದೀತು. ಚಿಕ್ಕವೆಂಕಟಪ್ಪ ನಕ್ಕು ನಕ್ಕು ಏರಿಯ ಮೇಲೆ ಕೂತುಬಿಟ್ಟ. ನಾಲ್ಕಕ್ಕೇ ಎದ್ದು ಹಾಲು ಕರೆದಿಟ್ಟು, ಟೋಕನ್ ತೆಗೆದುಕೊಂಡು, ತಾಯಿಯ ಮನೆಯಲ್ಲಿದ್ದ ‘ಕೆಟ್ಟ’ ಹಲಗೆಯ ಮೇಲೆ ಮೂರು ಭಾನುವಾರ ಹಾರಿದ್ದಳು ಮುನಿಲಕ್ಷ್ಮಿ. ಕಲಿಸಿದ್ದು ಬಾಲಾಜಿ, ವಾರದ ದಿನಗಳಲ್ಲಿ, ಸೀನಪ್ಪ ಮೇವಿಗೆ ಹೋದಾಗ. ಅಂಬಿಕಳಿಗೆ ಗೊತ್ತು (ಒದ್ದೆ ಟೋಕನ್ನನ್ನು ಯಾರಿಗೂ ಕಾಣದ ಹಾಗೆ ಮೊಳೆಗೆ ಸೇರಿಸುತ್ತಿದ್ದವಳು ಅವಳೇ), ಅತ್ತೆಗೆ ಗೊತ್ತು.

“ಕದ್ದು ಆರೋಳು ಟೋಕನ್ ಯಾಕೆ ತಗೊಂಡೆ?” ಎಂದ ಸೀನಪ್ಪ ಸೋತ ದನಿಯಲ್ಲಿ.

“ಟೋಕನ್ ಇಲ್ದೆ ಇಳೀಬಾರ್ದು ಅಂತ ಬಾಲಾಜಿ ಮರ ಮುಟ್ಟಿಸ್ದ. ನಿಯಮ ಅಂದ್ರೆ ನಿಯಮ.”

ಸಂಜೆ ಅವನಿಗೆ ಒಂದು ಅನುಮಾನ ಬಂತು. “ಮೊದಲ್ನೇ ವಾರ ಜೊಂಡಿನ ಅತ್ರ ಬಂದು ನನ್ನ ಎದ್ರಿಸಿದ್ಯಲ್ಲ, ಅದು ಮಾತ್ರ ಜಾಸ್ತಿ ಆಯ್ತು.”

“ಜೊಂಡಿನ ಕಡೆ ನಾನು ಬಂದೇ ಇಲ್ಲ,” ಎಂದಳು ಮುನಿಲಕ್ಷ್ಮಿ. “ಬೇರು ಫಾಯ್ಲಿಗೆ ಸಿಕ್ಕೊಳ್ತದೆ ಅಂತ ಬಾಲಾಜಿ ಬೈತಾನೆ.”

ಇನ್ನೂ ಆಟವಾಡಿಸುತ್ತಿದ್ದಾಳೆ ಎಂದು ಅವನು ಮಾತು ಬೆಳೆಸಲಿಲ್ಲ.

ಹರಕೆ ಹರಕೆಯೇ. ಡೈರಿಯವರೆಲ್ಲ ಕೇಳಿದ್ದರು. ಮುಂದಿನ ಎರಡು ಭಾನುವಾರ ಮುನಿಲಕ್ಷ್ಮಿ ಎಲ್ಲರೆದುರಿಗೆ ನಾನೂರ ಹದಿನೇಳು ತೆಗೆದುಕೊಂಡು ಹಾರಿದಳು. ಸೀನಪ್ಪ ಕೊಟ್ಟಿಗೆಯಲ್ಲಿ ಒದೆ ತಿಂದ. ಹಸುವಿನ ಹಿಂಬದಿಗೆ ಕೂತು, ಕೆರೆ ಕಡೆಯಿಂದ ಬರುವ ನಗು ಕೇಳುತ್ತಾ, ತನ್ನಂಥ ನತದೃಷ್ಟ ಈ ತಾಲ್ಲೂಕಿನಲ್ಲೇ ಇಲ್ಲವೆಂದು ಮರುಗಿದ. ಹೆಂಡತಿಯ ಇಪ್ಪತ್ತೆರಡು ವರ್ಷದ ಭಾನುವಾರಗಳ ಲೆಕ್ಕ ಆಗ ಒಂಚೂರು ಚುಚ್ಚಿತು, ಸುಳ್ಳೇಕೆ ಹೇಳಬೇಕು.

ಮೂರನೇ ಭಾನುವಾರ ಮುನಿಲಕ್ಷ್ಮಿ ಹೋಗಲಿಲ್ಲ. ಹಿಂದಿನ ದಿನ ಹುಲ್ಲಿನ ಹೊರೆ ಇಳಿಸುವಾಗ ಸೊಂಟ ಹಿಡಿದುಕೊಂಡಿತ್ತು. ಅವಳ ಹಲಗೆಯೂ ಎಲ್ಲೋ ಸೀಳು ಬಿಟ್ಟಿದೆ ಎಂದು ಮನೆಗೆ ಬಂದು ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಅವಳು ಒರಳುಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತಾ, “ಕೆಚ್ಚಲು ಎಳೀಬೇಡ, ಒತ್ತು,” ಎಂದು ಮೇಲ್ವಿಚಾರಣೆ ನಡೆಸುತ್ತಿದ್ದಳು. ಆಗ ಸೀನಪ್ಪನ ಫೋನು ಬಡಿದುಕೊಂಡಿತು. ಗೋಪಿ.

“ಅಣ್ಣೇ, ಅಕ್ಕಂಗೆ ಏಳು, ಸಾಕು ಬರ್ಲಿ. ಗಾಳಿ ಜಾಸ್ತಿ ಆಯ್ತು, ನಾವೆಲ್ಲ ಮೇಲಕ್ಕೆ ಬಂದ್ವಿ. ಬಾಲಾಜಿ, ಅಂಬಿಕ ಏರಿ ಆಚೆ ಸಾಮಾನು ಕಟ್ತಾವ್ರೆ. ಅಕ್ಕ ಮಾತ್ರ ಜೊಂಡಿನ ಕಡೆ ಸುತ್ತಾನೇ ಅವ್ಳೆ. ಕೂಗಿದ್ರೆ ತಿರುಗಲ್ಲ.”

“ಯಾವ ಅಕ್ಕ?”

“ನಮ್ಮಕ್ಕ ಅಣ್ಣೇ. ನಾನೂರ ಹದಿನೇಳು ಮೊಳೇಲಿ ಇಲ್ಲ. ನೋಡು, ಕೈಯಾಗೆ ರೆಕ್ಕೇನೂ ಇಡ್ಕೊಂಡಿಲ್ಲ, ಎಂಗೆ ಓಗ್ತಾವ್ಳೋ ಗೊತ್ತಾಗ್ತಿಲ್ಲ.”

ಸೀನಪ್ಪ ಫೋನು ಕಿವಿಯಿಂದ ಇಳಿಸಿದ. ಎದುರಿಗೆ ಒರಳುಕಲ್ಲಿನ ಮೇಲೆ ಮುನಿಲಕ್ಷ್ಮಿ. ಗೋಡೆಗೆ ಒರಗಿದ ಹಲಗೆ. ಗೋಪಿಯ ಮಾತು ಅವಳಿಗೂ ಕೇಳಿಸಿತ್ತು. ಗಾಳಿ ತಿರುಗಿತು, ಅರ್ಧ ಮೈಲಿ ಆಚೆಯ ಕೆರೆಯಿಂದ ‘ಊಂ...’ ಎಂಬ ದನಿ ಕೊಟ್ಟಿಗೆಯ ತನಕ ಬಂತು. ಯಾವತ್ತೂ ಒದೆಯುವ ಹಸು ಕಿವಿ ನಿಮಿರಿಸಿ ಅಲುಗಾಡದೆ ನಿಂತಿತು.

ಮುನಿಲಕ್ಷ್ಮಿ ಅರ್ಧ ಕುಡಿದ ಕಾಫಿ ಲೋಟವನ್ನು ನೆಲಕ್ಕಿಟ್ಟಳು.

“ಯಾರಾದ್ರೇನು,” ಎಂದಳು. “ಈ ಸಲ ಟೋಕನ್ ತಗೊಂಡು ಇಳಿದವ್ನೆ. ತಂದು ಮೊಳೆಗೆ ಆಕ್ತಾನೆ. ನೀನು ಹಾಲು ಕರಿ.”

ಸೀನಪ್ಪ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕೂತ. ಅದು ಬೆಚ್ಚಗಿತ್ತು. ಕೊಟ್ಟಿಗೆಗಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇಲ್ಲವೆಂದು ಅವನಿಗೆ ಖಾತ್ರಿಯಾಯಿತು.

“ಮುನಿಲಕ್ಷ್ಮಿ,” ಎಂದ, ತಲೆಯೆತ್ತದೆ. “ಅರಕೆ ಒಂದು ವರ್ಸ ಅಂದಿದ್ದೆ ಅಲ್ವಾ. ಮೂರು ಮಾಡ್ಕೊಂಡ್ರೆ ತಪ್ಪೇನಿಲ್ವಲ್ಲ?”