ಸ್ವಲ್ಪ ಸ್ವಲ್ಪ ಗಾಲ್ಫ್

ಐವರ್ನಾಡಿನ ಉಲ್ಲಾಸನ ಬಾಯಿಗೆ ‘ಇಲ್ಲ’ ಎಂಬ ಶಬ್ದ ಬರುವುದಿಲ್ಲ. ಈಜು ಬರ್ತದಾ ಎಂದರೆ ಸ್ವಲ್ಪ ಸ್ವಲ್ಪ, ಮಲಯಾಳ ಬರ್ತದಾ ಎಂದರೆ ಸ್ವಲ್ಪ ಸ್ವಲ್ಪ. ಒಂದು ಮದುವೆಮನೆಯಲ್ಲಿ ಹೀಗೇ ಹೇಳಿ ಇಡೀ ಊರಿನ ಸಾಂಬಾರಿಗೆ ಉಪ್ಪು ಹಾಕಿದ್ದ. ಅದನ್ನು ಉಂಡವರು ಈಗಲೂ ಅವನನ್ನು ಕಂಡರೆ ನೀರು ಕೇಳುತ್ತಾರೆ. ಇಷ್ಟಾದರೂ ಬುದ್ಧಿ ಬಂತಾ ಎಂದರೆ ಅದೂ ಸ್ವಲ್ಪ ಸ್ವಲ್ಪವೇ.

ಅವನಿಗೆ ಸುಳ್ಯದ ಒಂದು ರಬ್ಬರ್ ಖರೀದಿ ಕಂಪೆನಿಯಲ್ಲಿ ಕೆಲಸ. ಕಂಪೆನಿಯ ದೊಡ್ಡ ಸಾಹೇಬರಾದ ಮೈಸೂರಿನ ಕೃಷ್ಣಮೋಹನ ಒಮ್ಮೆ ಫೋನಿನಲ್ಲಿ ಗಾಲ್ಫ್ ಆಡ್ತೀರಾ ಎಂದು ಕೇಳಿದ್ದರು. ಇವನ ಉತ್ತರ ಏನೆಂದು ಬೇರೆ ಹೇಳಬೇಕಾಗಿಲ್ಲ. ಅದನ್ನು ಇವನು ಮರೆತ. ಸಾಹೇಬರು ಮರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಫೋನು ಬಂತು. ಮಡಿಕೇರಿಯಲ್ಲಿ ಉಳಿದಿದ್ದೆ, ಈಗ ಹೊರಟೆ, ಗಾಲ್ಫ್ ಚೀಲ ಕಾರಿನಲ್ಲೇ ಇದೆ, ಒಂದು ದೊಡ್ಡ ಬಯಲು ನೋಡಿಡಿ ಎಂದರು. ಸುಳ್ಯದಿಂದ ಒಬ್ಬರನ್ನು ಬೀದರಿಗೆ ವರ್ಗ ಮಾಡಬೇಕಾಗಿದೆ, ಆ ವಿಷಯವನ್ನೂ ಮಾತಾಡೋಣ ಎಂದು ಸೇರಿಸಿದರು.

ಉಲ್ಲಾಸ ಜಗಲಿಯಲ್ಲಿ ಕುಸಿದು ಕುಳಿತ. ಹೆಂಡತಿ ಭವಿತಾ ಸರಕಾರಿ ಶಾಲೆಯ ಟೀಚರ್. ಮದುವೆಯಾದಂದಿನಿಂದ ಅವಳು ಕೊಪ್ಪಳದಲ್ಲಿ, ಇವನು ಇಲ್ಲಿ. ಊರಿನ ಶಾಲೆಗೆ ಅವಳಿಗೆ ವರ್ಗ ಸಿಕ್ಕಿದ್ದು ಈ ಜೂನಿನಲ್ಲಿ. ಗಂಡ ಹೆಂಡತಿ ಒಂದೇ ಮೇಜಿನ ಮುಂದೆ ಕುಳಿತು ಚಹಾ ಕುಡಿಯುವ ಭಾಗ್ಯ ಈಗಷ್ಟೇ ಶುರುವಾಗಿತ್ತು. ಇನ್ನು ಇವನು ಬೀದರಿಗೆ ಹೋದರೆ ಮತ್ತೆ ಅದೇ ವೀಡಿಯೋ ಕಾಲಿನ ಸಂಸಾರ.

“ಬರುದಿಲ್ಲ ಅಂತ ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ?” ಎಂದು ಭವಿತಾ ಕೇಳಿದಳು.

“ಬಾಯಿಗೆ ಬರ್ಲಿಲ್ಲ ಮಾರಾಯ್ತಿ.”

ಅವಳು ಸಿಟ್ಟಿನಲ್ಲೇ ಮೊಬೈಲ್ ತೆರೆದು ಹೊಸಬರು ಚೆಂಡನ್ನು ದೂರ ಹೊಡೆಯುವುದು ಹೇಗೆಂದು ಹುಡುಕಿದಳು. ಕೋಲನ್ನು ಬಿಗಿಯಾಗಿ ಹಿಡಿಯಬಾರದು, ಬೀಸುವ ವೇಗ ಕೈಯಿಂದ ಬರುವುದಲ್ಲ, ಸೊಂಟದಿಂದ, ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ದಾಟಬೇಕು ಎಂದೆಲ್ಲ ಪಾಠದಂತೆ ಓದಿದಳು. ಕೋಲನ್ನು ತಲೆಕೆಳಗಾಗಿ ಹಿಡಿದು ಬೀಸಿ, ಸುಂಯ್ ಎಂಬ ಸದ್ದು ಚೆಂಡು ಇರುವ ಜಾಗ ದಾಟಿದ ಮೇಲೆ ಕೇಳುವಂತೆ ಅಭ್ಯಾಸ ಮಾಡಬೇಕಂತೆ.

ಮನೆಯಲ್ಲಿ ಕೋಲೆಂದರೆ ಕೊಡೆ. ಚೆಂಡಿಗೆ ಒಟ್ಟುಪಾಲು, ಅಂದರೆ ರಬ್ಬರ್ ಮರದಲ್ಲಿ ಒಣಗಿ ಉಳಿದ ಹಾಲಿನ ಎಳೆಗಳನ್ನು ಸುತ್ತಿ ಮಾಡಿದ ಉಂಡೆ. ಉಲ್ಲಾಸ ಅಂಗಳದಲ್ಲಿ ಕೊಡೆ ಬೀಸುವುದನ್ನು ಕಂಡು ಪಕ್ಕದ ಮನೆಯ ಮೂಸಕುಂಞಿ ಬೇಲಿ ದಾಟಿ ಬಂದರು. ಅವರು ದುಬೈಯಲ್ಲಿ ಒಬ್ಬ ಅರಬಿಯ ಡ್ರೈವರಾಗಿದ್ದವರು. ಅರಬಿ ಗಾಲ್ಫ್ ಆಡುವಾಗ ಇವರು ಬೇಲಿಯ ಹೊರಗೆ ಕಾರಿನಲ್ಲಿ ಮಲಗಿರುತ್ತಿದ್ದರು. ಊರಿಗೆ ಗಾಲ್ಫ್ ತಜ್ಞರಾಗಲು ಅಷ್ಟು ಸಾಕು.

ಮೂಸಕುಂಞಿ ಹಿಂದೆ ನಿಂತು ಇವನ ಸೊಂಟ ಹಿಡಿದು ತಿರುಗಿಸಿದರು. ಅವರ ತೋಟದಲ್ಲಿ ಟ್ಯಾಪಿಂಗ್ ಮಾಡುವ, ಅಂದರೆ ರಬ್ಬರ್ ಮರ ಗೀರಿ ಹಾಲು ತೆಗೆಯುವ ಸೇವಂತಿ ಅಕ್ಕ ಹಾದಿಯಲ್ಲಿ ಬಕೆಟ್ ಇಟ್ಟು ನಿಂತು, ಕೋಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿಯಬೇಕೆಂದಳು. ಉಲ್ಲಾಸ ಇಬ್ಬರ ಮಾತನ್ನೂ ಒಟ್ಟಿಗೇ ಕೇಳಿದ. ಕೊಡೆ ಕೈಯಿಂದ ಹಾರಿ ತುಳಸಿಕಟ್ಟೆಯ ಆಚೆ ಹೋಯಿತು. ಮತ್ತೆ ಬೀಸಿದಾಗ ಉಂಡೆ ಗೋಡೆಗೆ ಪುಟಿದು ಮೂಸಕುಂಞಿಯವರ ಬಚ್ಚಲಿನ ಹೆಂಚು ಒಡೆಯಿತು. ಒಳಗಿನಿಂದ ಅವರ ಹೆಂಡತಿ ಕದೀಜಮ್ಮ ಯಾರೆಂದು ಕೇಳಿದರು. ಗಾಲ್ಫ್ ಗುರುಗಳು ತುಳಸಿಕಟ್ಟೆಯ ಹಿಂದೆ ಬಗ್ಗಿ ಕುಳಿತರು.

ಸಾಹೇಬರು ಬಂದರು. ಮೂಸಕುಂಞಿ ಹಳೆಯ ರಬ್ಬರ್ ಮರ ಕಡಿಸಿ ಬೋಳು ಮಾಡಿಸಿದ್ದ ಗುಡ್ಡಕ್ಕೆ ಎಲ್ಲರೂ ಹೊರಟರು. ಅಂಚಿನಲ್ಲಿ ಮಾತ್ರ ಒಂದು ಸಾಲು ಮರ ಉಳಿದಿತ್ತು. ಸೇವಂತಿ ಬೆಳಿಗ್ಗೆ ಗೀರಿ ಹೋಗಿದ್ದ ಆ ಮರಗಳಿಗೆ ಕಟ್ಟಿದ ಚಿರಟೆಗಳಲ್ಲಿ, ಅಂದರೆ ತೆಂಗಿನ ಕರಟಗಳಲ್ಲಿ, ಹಾಲು ತುಂಬಿತ್ತು.

ಸಾಹೇಬರು ಆ ಸಾಲಿನ ಪಕ್ಕದಲ್ಲೇ ನಿಂತು ಮೊದಲು ತಾವು ಹೊಡೆದರು. ಚೆಂಡು ಕಡಿದ ಮರಗಳ ಮೂರನೆಯ ಬುಡದ ಹತ್ತಿರವೇ ಬಿತ್ತು. ಅವರು ನಿಟ್ಟುಸಿರು ಬಿಟ್ಟು, ಮಗಳು ತಮ್ಮ ಹೆಸರು ಬರೆಸಿ ಕೊಟ್ಟ ಅದೃಷ್ಟದ ಚೆಂಡನ್ನು ಪ್ರೀತಿಯಿಂದ ಉಲ್ಲಾಸನ ಮುಂದಿಟ್ಟರು. ಉಲ್ಲಾಸ ಕೋಳಿಮರಿ, ಸೊಂಟ, ಹಿಂಗಾಲು, ಮುಂಗಾಲು ಎಲ್ಲವನ್ನೂ ನೆನೆದು, ಬೀದರನ್ನೂ ನೆನೆದು, ಕಣ್ಣು ಮುಚ್ಚಿ ಬೀಸಿದ. ಟಕ್ ಎಂದಿತು. ಕಣ್ಣು ಬಿಟ್ಟರೆ ಚೆಂಡಿಲ್ಲ.

“ಹೋಯ್ತು,” ಎಂದು ಮೂಸಕುಂಞಿ ಗುಡ್ಡದಾಚೆ ನೀರು ಹರಿಯುವ ತೋಡಿನ ಕಡೆ ಕೈ ತೋರಿಸಿದರು. “ದುಬೈಯಲ್ಲಿ ಕೂಡ ನಾನು ಹೀಗೆ ಹೋದದ್ದು ನೋಡ್ಲಿಲ್ಲ.” ನಿಜ ಹೇಳಬೇಕೆಂದರೆ ಇಲ್ಲಿಯೂ ನೋಡಿರಲಿಲ್ಲ.

ಸಾಹೇಬರು ಕಣ್ಣಿಗೆ ಕೈ ಅಡ್ಡ ಹಿಡಿದು ತೋಡನ್ನೇ ನೋಡಿದರು. ಇಂಥ ಪ್ರತಿಭೆ ಸುಳ್ಯದಲ್ಲಿ ಕೊಳೆಯಬಾರದು, ಬೀದರಿಗೂ ಬೇಡ ಎಂದರು. ಉಲ್ಲಾಸನ ಎದೆ ಹಗುರಾಯಿತು.

“ಸೋಮವಾರದಿಂದ ನೀವು ಮೈಸೂರಿಗೆ ಬರ್ತೀರ. ದಿನಾ ಬೆಳಿಗ್ಗೆ ನನ್ನ ಜೊತೆ ಆಡಬೇಕು. ಆರ್ಡರ್ ಇವತ್ತೇ ಕಳಿಸ್ತೀನಿ.”

ಹಗುರಾದ ಎದೆ ಕಲ್ಲಾಯಿತು. ಬುತ್ತಿಯಲ್ಲಿ ಇಡ್ಲಿ ತಂದಿದ್ದ ಭವಿತಾ ಮುಖ ಆ ಕಡೆ ತಿರುಗಿಸಿಕೊಂಡಳು.

ಮಗಳ ಚೆಂಡನ್ನು ಬಿಟ್ಟು ಹೋಗಲು ಸಾಹೇಬರಿಗೆ ಮನಸ್ಸಿಲ್ಲ. ಎಲ್ಲರೂ ತೋಡಿಗಿಳಿದು ಹುಡುಕಿದರು. ರಬ್ಬರ್ ಹಾಲು ಒಟ್ಟುಮಾಡಲು ಬಂದ ಸೇವಂತಿ ವಿಷಯ ಕೇಳಿ, ಕಳೆದುಹೋದದ್ದನ್ನು ಕೊಡಿಸುವ ದೈವ ಕೊರಗಜ್ಜನಿಗೆ ಚಕ್ಕುಲಿ ಬೀಡದ ಹರಕೆ ಹೇಳಿಕೊಂಡಳು. ಉಲ್ಲಾಸ ಸೊಂಟದ ಮಟ್ಟದ ಮುಳ್ಳಿನಲ್ಲಿ ನಿಂತು ತಾನೂ ಹೇಳಿಕೊಂಡ. ಅಜ್ಜ, ಚೆಂಡು ನಾನು ಹೊಡೆದ ಜಾಗದ ಹತ್ತಿರದಲ್ಲೇ ಸಿಗಲಿ, ಆದಷ್ಟು ಹತ್ತಿರದಲ್ಲಿ ಸಿಗಲಿ, ನನ್ನ ಮಾನ ಹೋದರೆ ಹೋಗಲಿ, ಮೈಸೂರು ತಪ್ಪಲಿ.

ಅಜ್ಜ ತಡಮಾಡಲಿಲ್ಲ. ಮೇಲಿನಿಂದ ಸೇವಂತಿ ಕರೆದಳು. ಉಲ್ಲಾಸ ಕೋಲು ಬೀಸಿದ ಜಾಗದ ಪಕ್ಕದಲ್ಲೇ ಇದ್ದ ಮರದ ಚಿರಟೆಯನ್ನು ಬಕೆಟಿಗೆ ಮಗುಚುವಾಗ, ಬಿಳಿ ಹಾಲಿನ ಜೊತೆ ಬಿಳಿ ಚೆಂಡೂ ಜಾರಿ ಬಿದ್ದಿತ್ತು. ಒರೆಸಿದರೆ ಮಗಳು ಬರೆಸಿದ ಹೆಸರು. ಮರದ ಮೈಯಲ್ಲಿ ಚೆಂಡು ಬಡಿದ ಹಸಿ ಗುರುತೂ ಇತ್ತು.

ಸಾಹೇಬರು ಮರ ನೋಡಿದರು, ತೋಡು ನೋಡಿದರು, ಮೂಸಕುಂಞಿಯವರನ್ನು ನೋಡಿದರು. ಮೂಸಕುಂಞಿ ಆಕಾಶ ನೋಡುತ್ತಿದ್ದರು.

“ಸರ್, ನಂಗೆ ಗಾಲ್ಫ್ ಬರುದಿಲ್ಲ,” ಎಂದ ಉಲ್ಲಾಸ. ಆ ಶಬ್ದ ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು, ಎಷ್ಟೋ ಹಿತವೂ ಆಯಿತು.

ಸಾಹೇಬರು ಚೆಂಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದರು. ಬೀದರ್ ಖಂಡಿತ ಎಂದು ಉಲ್ಲಾಸ ಕಣ್ಣು ಮುಚ್ಚಿದ. ಆಮೇಲೆ ಅವರು ಮೆಲ್ಲಗೆ ನಕ್ಕರು. “ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ನನಗಿಂತ ದೂರ ಹೊಡೀತಾರೆ ಕಣ್ರೀ. ನನಗಿಂತ ಹತ್ತಿರ ಹೊಡೆಯೋರು ಸಿಕ್ಕಿದ್ದು ನೀವೊಬ್ಬರೇ. ನಿಮ್ಮನ್ನ ನಾನು ಎಲ್ಲಿಗೂ ಕಳಿಸಲ್ಲ.”

ಬೀದರ್ ಇಲ್ಲ, ಮೈಸೂರೂ ಇಲ್ಲ. ಉಲ್ಲಾಸ ಮುಳ್ಳು ತರಚಿದ ಕಾಲಿನಲ್ಲೇ ಕುಣಿಯುವುದೊಂದು ಬಾಕಿ. ಭವಿತಾ ಕಣ್ಣೊರೆಸಿಕೊಂಡು ಸಾಹೇಬರಿಗೆ ಇನ್ನೆರಡು ಇಡ್ಲಿ ಹಾಕಿದಳು. ಸಾಹೇಬರು ತಿಂದರು, ಚಟ್ನಿ ಚೆನ್ನಾಗಿದೆ ಎಂದರು, ತೋಟದ ಗಾಳಿ ಎಳೆದುಕೊಂಡರು.

“ಇನ್ನು ಪ್ರತಿ ಶನಿವಾರ ಸಂಜೆ ಇಲ್ಲಿಗೇ ಬಂದುಬಿಡ್ತೀನಿ. ಭಾನುವಾರ ಪೂರ್ತಿ ನಿಮಗೆ ನಾನೇ ಕಲಿಸ್ತೀನಿ. ನಿಮ್ಮ ಮನೇಲಿ ಉಳ್ಕೊಳ್ಳೋಕೆ ಜಾಗ ಇದೆಯೇನ್ರೀ?”

ಭವಿತಾ ಚಟ್ನಿಯ ಸೌಟು ಹಿಡಿದು ಗಂಡನ ಮುಖವನ್ನೇ ನೋಡಿದಳು. ಒಮ್ಮೆ ಬಂದ ಶಬ್ದ ಇನ್ನೊಮ್ಮೆಯೂ ಬಂದೀತೆಂದು ಕಾದಳು. ಉಲ್ಲಾಸನೂ ಕಾದ. ಬಾಯಿ ತೆರೆದ.

“ಸ್ವಲ್ಪ ಸ್ವಲ್ಪ ಉಂಟು ಸರ್.”