ಮಾರಿಕಣಿವೆ ಈಜಿದ ಅಳಿಯ ಕಡಲೂರಿಗೆ ಹೋದದ್ದು

ಕೆಲವರಿಗೆ ಸಂಬಳ ತಪ್ಪಬಹುದು, ನಗೆಪಾಟಲು ತಪ್ಪುವುದಿಲ್ಲ. ನಾನು ಆ ಪೈಕಿ. ದುರ್ಗದ ಸೀಮೆಯಲ್ಲಿ ನನ್ನಂಥ ಧೈರ್ಯಶಾಲಿ ಇನ್ನೊಬ್ಬನಿಲ್ಲವೆಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಹಾಗೆ ಹೇಳಿದಾಗಲೆಲ್ಲ ಎಲ್ಲಿಂದಲೋ ಒಂದು ಎಡವಟ್ಟು ನನ್ನನ್ನು ಹುಡುಕಿಕೊಂಡು ಬರುತ್ತದೆ.

ಮಾವನ ಪ್ರಶ್ನೆ

ಎಪ್ಪತ್ತರ ದಶಕದ ಮಾತು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನನ್ನನ್ನು ಹಿರಿಯೂರಿನಿಂದ ಕರಾವಳಿಯ ಒಂದು ಪುಟ್ಟ ಊರಿಗೆ ವರ್ಗ ಮಾಡಿದರು. ಆಗಷ್ಟೇ ಮದುವೆಯಾಗಿತ್ತು. ಹೆಂಡತಿಯನ್ನು ಕರೆದೊಯ್ಯಲು ಅವಳ ತವರು ಹರಿಯಬ್ಬೆಗೆ ಹೋದೆ. ಮಾವ ಕುರಿ ಸಾಕಿ ಬದುಕಿದವರು, ಕೆರೆಗಿಂತ ದೊಡ್ಡ ನೀರನ್ನು ನಂಬದವರು.

"ಸಮುದ್ರದ ಪಕ್ಕ ಅಂತೀರಿ. ನನ್ ಮಗಳು ನೀರಿಗೆ ಬಿದ್ರೆ ಎತ್ತೋರ್ ಯಾರು?" ಎಂದರು.

"ಏನ್ ಮಾತು ಮಾವ? ಮಾರಿಕಣಿವೆನ ಈ ದಡದಿಂದ ಆ ದಡಕ್ಕೆ ಈಜಿದೋನು ನಾನು."

ಮಾರಿಕಣಿವೆ ಜಲಾಶಯದಲ್ಲಿ ನಾನು ಕಾಲು ತೊಳೆದದ್ದು ನಿಜ.

"ಹಂಗಾರೆ ನೀವು ಮುಂದೆ ಹೋಗ್ರಿ. ನಾನು ಬಂದು, ನೀವು ಈಜೋದು ನೋಡಿ, ಆಮೇಲೆ ಮಗಳನ್ನ ಕಳಿಸ್ತೀನಿ" ಎಂದರು ಮಾವ.

ಬಾಗಿಲ ಹಿಂದೆ ಹೆಂಡತಿ ಕೆಮ್ಮಿದಳು. ಹೊಸ ಹೆಂಡತಿ, ಗಂಡನ ಸುಳ್ಳಿಗೆ ಕೆಮ್ಮುವಷ್ಟೇ ಸಲಿಗೆ ಬಂದಿತ್ತು.

ಕಂಬಳಿ

ಒಬ್ಬನೇ ಹೋದೆ. ಮಳೆಗಾಲ. ಬಾಡಿಗೆ ಮನೆಯ ಯಜಮಾನಿ ಅಮ್ಮ, "ಒಂದು ಕೊಡೆ ತಕೊಳ್ಳಿ ಮಾರಾಯ್ರೆ" ಎಂದರು.

"ಅಮ್ಮಾ, ಇದು ನಮ್ಮ ಕುರಿ ಉಣ್ಣೆ ಕಂಬಳಿ. ಒಂದು ಹನಿ ಒಳಗಿಳಿದರೆ ಕೇಳಿ" ಎಂದು ಅದನ್ನೇ ತಲೆಗೆ ಕೊಪ್ಪೆ ಹಾಕಿಕೊಂಡು ಹೊರಟೆ.

ನಮ್ಮ ಕಡೆ ಕಂಬಳಿ ಎಂದೂ ಸೋತಿಲ್ಲ. ಕಾರಣ, ಅದನ್ನು ಮಡಿಚಿ ತಲೆಗೆ ಹಾಕಿಕೊಳ್ಳುವಷ್ಟರಲ್ಲಿ ಮಳೆ ನಿಂತಿರುತ್ತದೆ. ಅಲ್ಲಿ ಮಳೆ ನಿಲ್ಲುವ ಲಕ್ಷಣವೇ ಇಲ್ಲ. ಸಂಜೆ ಮನೆಗೆ ಬರುವಾಗ ನಾನು ಕಂಬಳಿ ಹೊದ್ದಿದ್ದೆನೋ, ಒದ್ದೆ ಕುರಿಯೊಂದನ್ನು ಹೊತ್ತಿದ್ದೆನೋ ಹೇಳುವುದು ಕಷ್ಟ. ಜಗುಲಿಯಲ್ಲಿ ಹರವಿದೆ. ಆ ತಿಂಗಳು ಅದು ಒಣಗಲೇ ಇಲ್ಲ. ಒಂದು ಬೆಳಿಗ್ಗೆ ಯಜಮಾನಿ ಅಮ್ಮ ಕರೆದರು.

"ನಿಮ್ಮ ಕಂಬಳಿ ಮೇಲೆ ಅಣಬೆ ಎದ್ದಿದೆ. ಪಲ್ಯಕ್ಕೆ ಆಗುವಷ್ಟುಂಟು, ಕೊಯ್ಲಾ?"

ಈಜಿನ ಪಾಠ

ಮಾವ ಬರುವುದರೊಳಗೆ ಈಜು ಕಲಿಯದಿದ್ದರೆ ಹೆಂಡತಿ ಇಲ್ಲ. ಮಳೆ ಕಳೆದ ಮೇಲೆ, ದೋಣಿ ಇಟ್ಟುಕೊಂಡಿದ್ದ ಒಬ್ಬ ಮುದುಕನ ಕೈಕಾಲು ಹಿಡಿದೆ. "ಮಾರಿಕಣಿವೆ ದಾಟಿದೋನು ನಾನು. ಈಜು ಬರುತ್ತೆ, ಸ್ವಲ್ಪ ಮರೆತಿದೆ ಅಷ್ಟೆ" ಎಂದೆ.

ಮೊಣಕಾಲು ನೀರಿನಲ್ಲಿ ನಿಂತೆ. ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡಿತು. ನೀರು ಜಾರುವುದು ಗೊತ್ತಿತ್ತು, ನೆಲವೇ ಜಾರುವುದು ಗೊತ್ತಿರಲಿಲ್ಲ. ಗಾಬರಿಯಲ್ಲಿ ಅಲ್ಲೇ ಕುಕ್ಕರಿಸಿದೆ.

ಮುದುಕ ಸಮಾಧಾನವಾಗಿ ಹೇಳಿದ: "ಇದು ಮುಳುಗುವಷ್ಟು ನೀರಲ್ಲ ಮಾರಾಯ್ರೆ. ಕೂತ್ರೆ ಮಾತ್ರ ಮುಳುಗ್ತೀರಿ."

ಪಾಠ ಅಲ್ಲಿಗೇ ನಿಂತಿತು.

ಮಾವ, ಟಗರು ಮತ್ತು ನಾನು

ಮಾವ ಈರುಳ್ಳಿ ಲಾರಿಯಲ್ಲಿ ಬಂದಿಳಿದರು. ಜೊತೆಗೊಂದು ಕೊಬ್ಬಿದ ಟಗರು.

"ಮೀನು ತಿಂದು ತಿಂದು ನಾಲಿಗೆ ಕೆಟ್ಟಿರ್ತೈತೆ, ಭಾನುವಾರಕ್ಕೆ ಆಗ್ತೈತೆ ಅಂತ ತಂದೆ. ನಡೀರಿ, ನಿಮ್ಮ ಸಮುದ್ರ ನೋಡಾಣ."

ಟಗರನ್ನು ಮನೆಯಲ್ಲಿ ಬಿಟ್ಟರೆ ಯಜಮಾನಿ ಅಮ್ಮನ ದಾಸವಾಳ ಉಳಿಯುವುದಿಲ್ಲವೆಂದು ಅದನ್ನೂ ಎಳೆದುಕೊಂಡು ಹೋದೆವು. ದಡದಲ್ಲಿ ಅದು ಬಲೆ ಜಗಿಯಲು ಶುರುಮಾಡಿತು. ನೀರಿನಿಂದ ಬಲು ದೂರ, ಒಣ ಮರಳಿನ ಮೇಲೆ ಮುದುಕನ ಖಾಲಿ ದೋಣಿಯಿತ್ತು. ಇಬ್ಬರೂ ಸೇರಿ ಟಗರನ್ನು ಎತ್ತಿ ಅದರೊಳಗೆ ಬಿಟ್ಟು, ಚಹಾ ಅಂಗಡಿಗೆ ಹೋದೆವು. ನಾವು ಕೆರೆ ಕಂಡ ಜನ. ಮಳೆ ಬರದೆ ನೀರು ಏರುವುದುಂಟೇ? ಆಕಾಶ ತಿಳಿಯಾಗಿತ್ತು.

ಚಹಾ ಕುಡಿದು, ನನ್ನ ಈಜಿನ ಕತೆಗಳನ್ನೆಲ್ಲ ಮುಗಿಸಿ ಬಂದು ನೋಡಿದರೆ ಒಣ ಮರಳೇ ಇಲ್ಲ. ಉಬ್ಬರದ ನೀರು ಏರಿ ದೋಣಿ ತೇಲುತ್ತಿದೆ. ಟಗರು ಅದರ ಮೂತಿಯಲ್ಲಿ ನಿಂತು, ತಾನೇ ಯಜಮಾನ ಎಂಬಂತೆ ದಡ ನೋಡುತ್ತಿದೆ.

"ಅಳಿಯಂದ್ರೆ, ಮಾರಿಕಣಿವೆ ದಾಟಿದೋರು ನೀವು. ಹೋಗ್ರಿ ಮತ್ತೆ" ಎಂದರು ಮಾವ.

ಇಳಿದೆ. ಸೊಂಟದವರೆಗೆ ಹೋದೆ, ಎದೆಯವರೆಗೆ ಹೋದೆ, ಮುಂದಕ್ಕೆ ಹೋಗಲು ಬೇಕಾದ ಈಜು ನನ್ನಲ್ಲಿರಲಿಲ್ಲ. ಕುರಿ ಕರೆಯುವಂತೆ ಒಮ್ಮೆ ಕೂಗಿದೆ. ಟಗರು ಗುರುತು ಹಿಡಿದು ಧುಮುಕಿತು, ನನ್ನ ಪಕ್ಕದಲ್ಲೇ ಈಜುತ್ತಾ ದಡದ ಕಡೆ ಹೊರಟಿತು. ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ನನ್ನ ಕಾಲು ಎತ್ತಿತು. ಕೈಗೆ ಸಿಕ್ಕ ಟಗರಿನ ಹಗ್ಗ ಹಿಡಿದೆ. ಅದು ನನ್ನನ್ನು ಹೊಟ್ಟೆ ಮೇಲೆ ಎಳೆದುಕೊಂಡು ಹೋಗಿ ಮರಳಿಗೆ ಹಾಕಿತು.

ಓಡಿಬಂದ ಮುದುಕ ಕೇಳಿದ: "ಆ ಮಾರಿಕಣಿವೆ ದಾಟಿದ್ರಲ್ಲ, ಆವತ್ತು ಯಾವ ಟಗರು ಹಿಡ್ಕೊಂಡಿದ್ರಿ?"

ಮಾವ ನಗಲಿಲ್ಲ. ಪಂಚೆಯಿಂದ ಟಗರಿನ ಮೈ ಒರೆಸಿದರು, ನನ್ನನ್ನು ಗಾಳಿಗೆ ಬಿಟ್ಟರು. ಹೆಂಡತಿ ಕೈತಪ್ಪಿದಳೆಂದೇ ನಾನು ತಲೆ ತಗ್ಗಿಸಿದೆ.

"ಮುಂದಿನ ವಾರ ಮಗಳನ್ನ ಕಳಿಸ್ತೀನಿ" ಎಂದರು.

ನನಗೆ ಜೀವ ಬಂತು. "ನನ್ ಮೇಲೆ ನಂಬಿಕೆ ಬಂತಾ ಮಾವ?"

"ಟಗರು ಇಲ್ಲೇ ಇರ್ಲಿ, ಕುಯ್ಯಬ್ಯಾಡ್ರಿ" ಎಂದರು ಮಾವ. "ಅವಳು ನೀರಿಗೆ ಬಿದ್ರೆ ಎತ್ತೋಕೆ ಮನೇಲಿ ಒಬ್ರಾದ್ರೂ ಬೇಕಲ್ಲ."