ಕೂತವನ ಮನೆಯ ಹೋರಿ

ವರ್ಲಿನ್ ಹಾಸ್‌ನ ಆ ಶನಿವಾರವನ್ನು ಹಾಳು ಮಾಡಿದ್ದು ಪಕ್ಕದ ಜಮೀನಿನ ಡ್ವೇನ್ ಕುಚೇರಾ ಕಾಫಿ ಕುಡಿಯುತ್ತ ಆಡಿದ ಒಂದು ಮಾತು. ಬೆಳಗಿನ ಎಂಟು ಗಂಟೆ. ಕೌಂಟಿ ಮೇಳದ ದನದ ಕೊಟ್ಟಿಗೆಯಲ್ಲಿ ವರ್ಲಿನ್ ಮಗಳ ಹೋರಿಯ ಬಾಲವನ್ನು ಬಾಚಿ ಬಾಚಿ ಹತ್ತಿಯ ಉಂಡೆ ಮಾಡುತ್ತಿದ್ದ.

"ಅಲ್ಲ ಮಾರಾಯ," ಎಂದ ಡ್ವೇನ್, "ನಿಮ್ಮ ಕೊಟ್ಟಿಗೇಲಿ ದಿನಾ ಸಂಜೆ ರೇಡಿಯೋದಲ್ಲಿ ಪೋಲ್ಕಾ ಕುಣಿತದ ಹಾಡು ಹಾಕ್ತೀರಲ್ಲ, ಅದು ಶುರುವಾದ ಕೂಡ್ಲೇ ಈ ಹೋರಿ ಎದ್ದು ಹೊರಟೇ ಬಿಡ್ತದೆ. ಬೇಲಿಯಿಂದ ನೋಡಿದೀನಿ ನಾನು. ಇವತ್ತು ಅಖಾಡದ ಪಕ್ಕದ ಡೇರೆಯಲ್ಲೇ ಎಮಿಲ್ ತಾತನ ಅಕಾರ್ಡಿಯನ್ ಅಂತೆ, ಹತ್ತು ಗಂಟೆಗೆ. ನಿಮ್ಮ ಹೋರಿ ಸ್ಪರ್ಧೆನೂ ಹತ್ತಕ್ಕೇ ಅಲ್ವಾ? ಹುಡುಗೀನ ಎಳ್ಕೊಂಡು ಹೊರಟ್ರೆ ಆಮೇಲೆ ಪಕ್ಕದ ಕಾನ್ಸಾಸ್ ರಾಜ್ಯದಲ್ಲೇ ಹುಡುಕಬೇಕು."

ಅಷ್ಟು ಹೇಳಿ ಅವನು ಲೋಟ ಎಸೆದು ಹೋದ. ವರ್ಲಿನ್‌ನ ಕೈಯಲ್ಲಿ ಬಾಚಣಿಗೆ ನಿಂತಿತು.

ಅವನ ಭಯಕ್ಕೆ ಹಳೆಯ ಕಾರಣವಿತ್ತು. ಮೂವತ್ತೊಂದು ವರ್ಷದ ಹಿಂದೆ, ಹದಿನಾರರ ವಯಸ್ಸಿನಲ್ಲಿ, ಇದೇ ಅಖಾಡದಲ್ಲಿ ಅವನ ಹೋರಿ ಕೂತುಬಿಟ್ಟಿತ್ತು. ಹೊಟ್ಟೆ ತುಂಬಿದ ಹಾಗೆ ಕಾಣಲಿ ಎಂದು ಬೆಳಿಗ್ಗೆ ಎರಡು ಬಕೆಟ್ ನೀರು ಹೆಚ್ಚಿಗೆ ಕುಡಿಸಿದ್ದ ಬುದ್ಧಿವಂತ ಅವನೇ. ತೀರ್ಪುಗಾರ ಬಂದು ಮುಂದೆ ನಿಂತ, ಹೋರಿ ಕೂತಿತು. ನಾಲ್ಕು ಜನ ಸೇರಿ ಬಾಲ ತಿರುಚಿದರೂ ಏಳಲಿಲ್ಲ. ಅವತ್ತಿನಿಂದ ಅವನು ಊರಿಗೆಲ್ಲ 'ಕೂತ ಹಾಸ್'. ಅವನ ಮದುವೆಯಲ್ಲಿ ಪಾದ್ರಿ "ಎಲ್ಲರೂ ಕೂತುಕೊಳ್ಳಿ" ಎಂದಾಗ ಇಡೀ ಚರ್ಚು ನಕ್ಕಿತ್ತು. ಆ ನಗುವನ್ನು ಅಳಿಸುವುದಕ್ಕೆ ಅವನಿಗೆ ಉಳಿದಿದ್ದ ದಾರಿ ಒಂದೇ: ಮಗಳು ಬ್ರಿಟಾಳ ಕೈಗೆ ಮೊದಲ ಬಹುಮಾನದ ನೇರಳೆ ರಿಬ್ಬನ್ ಬರಬೇಕು. ಅದನ್ನು ನೇತುಹಾಕಲು ಊಟದ ಮನೆಯ ಗೋಡೆಗೆ ಮೊಳೆ ಹೊಡೆದು ಹತ್ತು ತಿಂಗಳಾಗಿತ್ತು.

ಶಾಲೆಯ ಕೃಷಿ ಕ್ಲಬ್ಬಿನ ನಿಯಮ ಸರಳ. ವಿದ್ಯಾರ್ಥಿ ಅಕ್ಟೋಬರಿನಲ್ಲಿ ಒಂದು ಹೋರಿಗರುವನ್ನು ಆರಿಸಬೇಕು, ವಿದ್ಯಾರ್ಥಿಯೇ ಸಾಕಬೇಕು, ಪಳಗಿಸಬೇಕು, ಆಗಸ್ಟಿನ ಮೇಳದಲ್ಲಿ ವಿದ್ಯಾರ್ಥಿಯೇ ಹಗ್ಗ ಹಿಡಿದು ನಡೆಸಬೇಕು. ಈ ನಿಯಮವನ್ನು ವರ್ಲಿನ್ ಓದಿದ್ದ, ಒಪ್ಪಿ ಸಹಿಯನ್ನೂ ಹಾಕಿದ್ದ. ಕರು ಆರಿಸುವ ದಿನ ಬ್ರಿಟಾ ದೊಡ್ಡಿಯ ಬೇಲಿಗೆ ಕೈ ಚಾಚಿದಾಗ ಹಣೆಯಲ್ಲಿ ಸುಳಿಯಿದ್ದ ಒಂದು ಕೆಂದ ಕರು ಬಂದು ಬೆರಳು ನೆಕ್ಕಿತು. "ಅಪ್ಪಾ, ಇದೇ ಸಾಕು," ಎಂದಳು.

"ನೆಕ್ಕೋದಕ್ಕೆಲ್ಲ ರಿಬ್ಬನ್ ಕೊಡಲ್ಲ ಮಗಳೇ," ಎಂದ ವರ್ಲಿನ್. ಮೂರು ಗಂಟೆ ದೊಡ್ಡಿ ಸುತ್ತಿ, ಬಗ್ಗಿ, ಕಣ್ಣು ಕಿರಿದು ಮಾಡಿ, ಬೆನ್ನು ಮೇಜಿನ ಹಾಗೆ ನೆಟ್ಟಗಿದ್ದ ಒಂದು ಕಪ್ಪು ಕರುವನ್ನು ಹಿಡಿದ. ಕೆಂದ ಕರುವನ್ನು ಡ್ವೇನ್ ತನ್ನ ಮೊಮ್ಮಗಳು ಕೋರಾಳಿಗೆ ಕೊಡಿಸಿದ. 'ಈ ಕರುವನ್ನು ನೀನೇಕೆ ಆರಿಸಿದೆ' ಎಂಬ ಕ್ಲಬ್ಬಿನ ಪ್ರಶ್ನೆಗೆ ಬ್ರಿಟಾ ಬರೆದ ಉತ್ತರವನ್ನು ಹೇಳಿ ಬರೆಸಿದವನು ಕೂಡ ವರ್ಲಿನ್.

ಆಮೇಲಿನ ಹತ್ತು ತಿಂಗಳು ಅವನು ಆ ಹೋರಿಗೆ ಮಾಡಿದ ಚಾಕರಿಯನ್ನು ಹೆಂಡತಿಗೆ ಮಾಡಿದ್ದರೆ ಅವಳು ಮುಪ್ಪಿನಲ್ಲೂ ನೆನೆಸಿಕೊಳ್ಳುತ್ತಿದ್ದಳು. ಸ್ನಾನ ಅವನದು, ಕೂದಲು ಒಣಗಿಸುವುದು ಅವನದು, ಮೇವು ಅಳೆಯುವುದು ಅವನದು. ಬ್ರಿಟಾಳ ಪಾಲಿಗೆ ಉಳಿದದ್ದು ಸಂಜೆ ಏಳರಿಂದ ಎಂಟರವರೆಗೆ ಹಗ್ಗ ಹಿಡಿದು ಅಂಗಳ ಸುತ್ತಿಸುವುದು ಮಾತ್ರ. ಹೋರಿಗೆ ಗದ್ದಲ ರೂಢಿಯಾಗಲಿ ಎಂದು ಆಗ ಕೊಟ್ಟಿಗೆಯ ರೇಡಿಯೋ ಹಾಡುತ್ತಿತ್ತು. ಸರಿಯಾಗಿ ಎಂಟಕ್ಕೆ ವರ್ಲಿನ್ ಬಂದು ಹೋರಿಯನ್ನು ಒಳಗೆ ಕಟ್ಟಿ, ರೇಡಿಯೋ ಆರಿಸಿ, ದೀಪ ಆರಿಸಿ, ಬಾಗಿಲು ಹಾಕುತ್ತಿದ್ದ. ಆ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ.

ಹತ್ತು ಗಂಟೆ ಆಗುತ್ತ ಬಂದಾಗ ಬ್ರಿಟಾ ಸ್ಪರ್ಧೆಯ ಬಿಳಿ ಅಂಗಿ ತೊಟ್ಟು ಕೊಟ್ಟಿಗೆಗೆ ಬಂದಳು.

"ಆ ಎಮಿಲ್‌ನ ಹಾಡು ನಿಲ್ಲಿಸಬೇಕು," ಎಂದ ವರ್ಲಿನ್.

"ಅಪ್ಪಾ, ಹಾಡು ಇರಲಿ. ಅದಕ್ಕೆ ಹಾಡು ಇದ್ರೇನೇ..."

"ನಿಂಗೊತ್ತಾಗಲ್ಲ. ಎಳ್ಕೊಂಡು ಹೋಗ್ತದೆ."

"ಎಳಿಯಲ್ಲ. ನನ್ನ ಮಾತು ಒಂದ್ಸಲ ಕೇಳು. ದಿನಾ ನಾನೇ ತಾನೆ..."

"ನಾನು ಈ ಅಖಾಡದಲ್ಲಿ ಏನು ಅನುಭವಿಸಿದೀನಿ ಗೊತ್ತಾ?"

ಗೊತ್ತಿತ್ತು. ಅದು ಗೊತ್ತಿಲ್ಲದವರು ಆ ಕೌಂಟಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಬ್ರಿಟಾ ನಿಟ್ಟುಸಿರು ಬಿಟ್ಟಳು. "ಅಪ್ಪಾ, ನಿನ್ನ ದಮ್ಮಯ್ಯ. ಬೆಂಚಿನ ಮೇಲೆ ಹೋಗಿ ಕೂತ್ಕೋ. ಒಂದು ಗಂಟೆ. ಸುಮ್ನೆ ಕೂತ್ಕೊಂಡಿರು. ಇನ್ನೇನೂ ಬೇಡ ನಂಗೆ."

'ಕೂತ್ಕೋ' ಎಂಬ ಪದ ಕೇಳಿದರೆ ವರ್ಲಿನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಎದ್ದು ಹೊರಟ.

ಡೇರೆಯಲ್ಲಿ ಎಂಬತ್ತರ ಎಮಿಲ್ ತಾತ ಅಕಾರ್ಡಿಯನ್ನನ್ನು ಎದೆಗೆ ಬಿಗಿದುಕೊಂಡು, ಅದರ ತಿದಿ ಎಳೆದು ಒತ್ತುತ್ತ, ಆಗಲೇ ಶುರು ಮಾಡಿದ್ದ. ಹತ್ತಾರು ಮುದುಕ ಮುದುಕಿಯರು ಜೋಡಿ ಜೋಡಿಯಾಗಿ ಸುತ್ತುತ್ತಿದ್ದರು.

"ತಾತ, ಒಂದು ಗಂಟೆ ನಿಲ್ಸಿ. ಹೋರಿ ಬೆದರ್ತದೆ."

"ಹೋರಿ ಬೆದರೋದಾದ್ರೆ ಹೋರೀಗೆ ಹೇಳು," ಎಂದ ಎಮಿಲ್. ಬೆರಳು ನಿಲ್ಲಲಿಲ್ಲ.

ವರ್ಲಿನ್ ಡೇರೆಯ ಹಿಂದೆ ಹೋದ. ಅಲ್ಲಿ ಕಂಬಕ್ಕೆ ಒಂದು ದಪ್ಪ ವೈರು ಸಿಕ್ಕಿಸಿದ್ದರು. ಆಚೀಚೆ ನೋಡಿ ಕಿತ್ತ. ತಕ್ಷಣ ದನದ ಕೊಟ್ಟಿಗೆಯ ದೊಡ್ಡ ಫ್ಯಾನುಗಳೆಲ್ಲ ನಿಂತವು. ಆಗಸ್ಟಿನ ಸೆಕೆಯಲ್ಲಿ ಅರವತ್ತು ದನ ಒಟ್ಟಿಗೆ ಕೂಗಿಕೊಂಡವು, ಅವುಗಳ ಹಿಂದೆ ಅರವತ್ತು ಅಪ್ಪಂದಿರು ಕೂಗಿಕೊಂಡರು. ಅಕಾರ್ಡಿಯನ್ ಮಾತ್ರ ಹಾಯಾಗಿ ಹಾಡುತ್ತಿತ್ತು. ಅದಕ್ಕೆ ಕರೆಂಟು ಬೇಡವೆಂಬುದು ಮೂರು ವರ್ಷದ ಮಗುವಿಗೂ ತಿಳಿಯುವ ವಿಷಯ, ಆದರೆ ಅಲ್ಲಿ ಮೂರು ವರ್ಷದ ಮಗು ಇರಲಿಲ್ಲ, ವರ್ಲಿನ್ ಇದ್ದ.

ವೈರನ್ನು ಮತ್ತೆ ಸಿಕ್ಕಿಸಿ, ಏನೂ ಅರಿಯದವನ ಹಾಗೆ ಡೇರೆಯೊಳಗೆ ನುಗ್ಗಿದ. ಅಲ್ಲಿ ಲವೋನ್ ಅಜ್ಜಿ ಅವನ ತೋಳು ಹಿಡಿದಳು. ಭಾನುವಾರದ ಶಾಲೆಯಲ್ಲಿ ಅವನಿಗೆ ಬೈಬಲ್ ಕಲಿಸಿದವಳು ಅವಳೇ.

"ಜೋಡಿ ಇಲ್ಲ ಕಣೋ ನಂಗೆ. ಬಾ."

"ಅಜ್ಜಿ, ನಂಗೆ ಅರ್ಜೆಂಟು..."

"ಆಗ್ಲೂ ಹಿಂಗೇ ಹೇಳಿ ಪಾಠ ತಪ್ಪಿಸ್ತಿದ್ದೆ. ಎಡಗಾಲು ಮುಂದೆ."

ಮೂರು ಹಾಡಿಗೆ ಕುಣಿದ. ಎಮಿಲ್ ನಡುವೆ ಒಂದು ಕ್ಷಣವೂ ನಿಲ್ಲಿಸದೆ ಒಂದರ ಬೆನ್ನಿಗೆ ಇನ್ನೊಂದನ್ನು ನುಡಿಸುತ್ತಿದ್ದ. ಅಜ್ಜಿಯ ಹಿಡಿತ ಹಗ್ಗದ ಗಂಟಿನ ಹಾಗಿತ್ತು. ತಿರುಗುವಾಗಲೆಲ್ಲ ಡೇರೆಯ ಸಂದಿಯಿಂದ ಅಖಾಡದ ಬೇಲಿ ಕಾಣುತ್ತಿತ್ತು, ಬೇಲಿಯಾಚೆ ಬರೀ ಟೋಪಿಗಳು ಚಲಿಸುತ್ತಿದ್ದವು. ಯಾವ ಟೋಪಿ ಮಗಳದು, ಅವಳ ಕೈಯಲ್ಲಿ ಹಗ್ಗ ಇನ್ನೂ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೇಲಿಯ ಹತ್ತಿರ ನಿಂತು ಇವನ ಕುಣಿತ ನೋಡುತ್ತಿದ್ದ ಡ್ವೇನ್, ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದ.

ನಾಲ್ಕನೆಯ ಹಾಡಿಗೆ ಅಜ್ಜಿಗೆ ದಮ್ಮು ಬಂತು. ವರ್ಲಿನ್ ಬಿಡಿಸಿಕೊಂಡು ಚರ್ಚಿನ ಹೆಂಗಸರ ಅಂಗಡಿಗೆ ಓಡಿ ಚೆರ್ರಿ ಹಣ್ಣಿನ ಹೂರಣ ತುಂಬಿದ ಒಂದು ಇಡೀ ಪೈ ಎತ್ತಿಕೊಂಡು ಬಂದ. ಒಲೆಯಿಂದ ಆಗಷ್ಟೇ ಇಳಿದದ್ದು. ಕೆಂಪು ರಸ ಅಂಗಿಯ ಮೇಲೆಲ್ಲ ಹರಿಯಿತು. ಪೈಯನ್ನು ಎಮಿಲ್‌ನ ಮೂಗಿನ ಕೆಳಗೆ ಹಿಡಿದು ಹೇಳಿದ, "ತಾತ, ಇಡೀ ಪೈ ನಿಮ್ದೇ. ಬಿಸಿ ಇರೋವಾಗ್ಲೇ ತಿನ್ನಬೇಕು. ಈಗ್ಲೇ."

ಎಮಿಲ್ ಪೈಯನ್ನು ನೋಡಿದ, ಅಖಾಡದ ಕಡೆ ನೋಡಿದ, ಮತ್ತೆ ಪೈಯನ್ನು ನೋಡಿದ. ಅಕಾರ್ಡಿಯನ್ ಒಂದು ಸಲ ಉಸಿರೆಳೆದು ಸುಮ್ಮನಾಯಿತು.

ಆ ಮೌನ ಕಿವಿಗೆ ಬಿದ್ದಾಗ ವರ್ಲಿನ್‌ಗೆ ಕಣ್ಣು ತುಂಬಿ ಬಂತು. ಮಗಳನ್ನು ಕಾಪಾಡಿದೆ, ಹೆಸರನ್ನೂ ಕಾಪಾಡಿಕೊಂಡೆ ಎಂದುಕೊಂಡು ಅಂಗಿ ಒರೆಸಿಕೊಳ್ಳುತ್ತ ಅಖಾಡದ ಬೇಲಿಗೆ ಬಂದ.

ಕೊನೆಯ ಸುತ್ತು ನಡೆದಿತ್ತು. ಐದು ಹೋರಿ ಉಳಿದಿದ್ದವು, ಎಲ್ಲಕ್ಕಿಂತ ಮುಂದೆ ಕಪ್ಪು ಹೋರಿ. ಬೆನ್ನು ನೆಟ್ಟಗೆ, ತಲೆ ಮೇಲೆ. ಪಕ್ಕದಲ್ಲಿ ಬ್ರಿಟಾ, ಸಡಿಲ ಹಗ್ಗ ಹಿಡಿದು. ತೀರ್ಪುಗಾರ ಬಲಗೈ ಎತ್ತಿಕೊಂಡು ನೇರ ಅದರ ಕಡೆಗೇ ನಡೆಯುತ್ತಿದ್ದ. ಗೆದ್ದ ಹೋರಿಯ ಬೆನ್ನಿಗೆ ಒಂದು ಏಟು ಹಾಕಿ ತೀರ್ಪು ಹೇಳುವುದು ಅಲ್ಲಿನ ಪದ್ಧತಿ. ಇನ್ನು ನಾಲ್ಕು ಹೆಜ್ಜೆ. ಮೂರು.

ಕಪ್ಪು ಹೋರಿ ನಿಂತಿತು. ಕಿವಿ ಆಡಿಸಿತು. ಹತ್ತು ತಿಂಗಳು ದಿನವೂ ಎಂಟು ಗಂಟೆಗೆ ಹಾಡು ನಿಂತಾಗ ಮಾಡುತ್ತಿದ್ದುದನ್ನೇ ಮಾಡಿತು. ಮುಂಗಾಲು ಮಡಿಸಿತು, ಹಿಂಗಾಲು ಮಡಿಸಿತು, ಒಂದು ದೊಡ್ಡ ಉಸಿರು ಬಿಟ್ಟು ಕಣ್ಣು ಮುಚ್ಚಿತು.

ತೀರ್ಪುಗಾರ ಅದನ್ನು ದಾಟಿ ಮುಂದೆ ಹೋದ. ಎತ್ತಿದ್ದ ಕೈ ಹಿಂದಿನ ಹೋರಿಯ ಬೆನ್ನಿಗೆ ಬಿತ್ತು. ಹಣೆಯಲ್ಲಿ ಸುಳಿಯಿದ್ದ ಕೆಂದ ಹೋರಿ. ಅದರ ಹಗ್ಗ ಹಿಡಿದಿದ್ದ ಕೋರಾ ಸಂತೋಷಕ್ಕೆ ಅಳತೊಡಗಿದಳು. ಮೆಟ್ಟಿಲು ಬೆಂಚುಗಳ ಮೇಲೆ ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

"ವಂಶದ ಗುಣ," ಎಂದ ಡ್ವೇನ್.

ವರ್ಲಿನ್‌ನ ಬೆನ್ನ ಹಿಂದೆ ಎಮಿಲ್ ತಾತ ಬಂದು ನಿಂತಿದ್ದ. ಮೀಸೆಯ ಮೇಲೆಲ್ಲ ಚೆರ್ರಿ. "ಛೆ, ತಪ್ಪಾಯ್ತಲ್ಲೋ," ಎಂದ. "ಹೋರಿ ಸುತ್ತು ಮುಗಿಯೋವರೆಗೆ ನಿಲ್ಲಿಸಬೇಡಿ ತಾತ ಅಂತ ನಿನ್ನ ಮಗಳು ಬೆಳಿಗ್ಗೇನೇ ಬಂದು ಕೇಳ್ಕೊಂಡಿದ್ಲು. ಒಂದು ತುಂಡು ಪೈನೂ ಕೊಟ್ಟಿದ್ಲು. ನೀನು ನೋಡಿದ್ರೆ ಇಡೀ ಪೈ ತಂದೆ. ಅಪ್ಪ ಮಗಳು ಮಾತಾಡ್ಕೊಂಡೇ ಬಂದಿರ್ತೀರಿ ಅಂದ್ಕೊಂಡೆ."

ವರ್ಲಿನ್ ಅಂಗಿಯ ಮೇಲಿನ ಚೆರ್ರಿ ಕಲೆಯನ್ನು ಮತ್ತೆ ಒರೆಸತೊಡಗಿದ.

ಮುದುಕನಿಗೆ ಮನಸ್ಸು ತಡೆಯಲಿಲ್ಲ. ಡೇರೆಗೆ ಹೋಗಿ ಅಕಾರ್ಡಿಯನ್ ಎತ್ತಿಕೊಂಡು ಎರಡು ಸಾಲು ನುಡಿಸಿದ. ಕಪ್ಪು ಹೋರಿ ಥಟ್ಟನೆ ಎದ್ದಿತು, ಬೆನ್ನು ನೆಟ್ಟಗೆ ಮಾಡಿತು, ಬ್ರಿಟಾಳ ಪಕ್ಕದಲ್ಲಿ ಅರಸುಕುಮಾರನ ಹಾಗೆ ಅಖಾಡ ದಾಟಿ ಹೊರಬಂತು. ಬೇಲಿಯ ಹತ್ತಿರ ಅವಳು ನಿಂತಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಸಣ್ಣಗಿತ್ತು.

"ಅಪ್ಪಾ," ಎಂದಳು, "ಕೂತ್ಕೋ ಅಂತ ನಾನು ಹೇಳಿದ್ದು ನಿಂಗೆ."